ಟೂರ್ ಡಿ ಫ್ರಾನ್ಸ್ ಬೆಟ್ಟದ ಊರಿಗೆ ಬರುವ ದಿನ: ರಸ್ತೆಬದಿಯಲ್ಲಿ ನಿಂತು ನೋಡುವವರಿಗೆ ಮಾರ್ಗದರ್ಶಿ

ಯುರೋಪಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಕನ್ನಡಿಗರಿಂದಲೂ ಜುಲೈ ತಿಂಗಳಲ್ಲಿ ಫ್ರಾನ್ಸ್ ಪ್ರವಾಸಕ್ಕೆ ಹೊರಟವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರೇ: ಟೂರ್ ಡಿ ಫ್ರಾನ್ಸ್ ನೋಡಲು ಟಿಕೆಟ್ ಎಷ್ಟು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೋಗಬೇಕು? ಮೊದಲನೆಯದಕ್ಕೆ ಉತ್ತರ ಸುಲಭ. ರಸ್ತೆಬದಿಯಲ್ಲಿ ನಿಂತು ನೋಡುವುದಕ್ಕೆ ಟಿಕೆಟ್ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ. ಉಳಿದ ಎರಡಕ್ಕೆ ಉತ್ತರ ಹೇಳಲು ಒಂದಿಷ್ಟು ಜಾಗ ಬೇಕು, ಏಕೆಂದರೆ ಬೆಟ್ಟದ ಸಣ್ಣ ಊರಿನಲ್ಲಿ ಸ್ಪರ್ಧೆ ನೋಡುವುದು ಕ್ರೀಡಾಂಗಣದಲ್ಲಿ ಆಟ ನೋಡಿದಂತಲ್ಲ. ಸವಾರರು ನಿಮ್ಮ ಮುಂದೆ ಹಾದುಹೋಗುವುದು ಕೆಲವೇ ಕ್ಷಣ. ಇಡೀ ದಿನ ನಡೆಯುವುದು ರಸ್ತೆ ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಎಂಬುದರ ಮೇಲೆ. ಅದನ್ನು ಸರಿಯಾಗಿ ಅರಿತುಕೊಂಡವರಿಗೆ ಉಳಿದದ್ದೆಲ್ಲ ತಾನಾಗಿ ಒದಗುತ್ತದೆ.

ವಿವರಿಸಲು ಅನುಕೂಲವಾಗಲೆಂದು ಒಂದೇ ಊರನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಆಲ್ಪ್ಸ್ ಪರ್ವತಗಳ ನಡುವೆ, ಇಜೇರ್ ಜಿಲ್ಲೆಯ ರೊಮಾಂಶ್ ನದಿಯ ಕಣಿವೆಯಲ್ಲಿರುವ ಬೂರ್-ದ್ವಾಜಾನ್ ಸುಮಾರು ಮೂರು ಸಾವಿರ ಜನರ ಪೇಟೆ. ಸಮುದ್ರಮಟ್ಟದಿಂದ ಅದರ ಎತ್ತರ 720 ಮೀಟರ್ ಆಸುಪಾಸು. ಊರಂಚಿನಿಂದ ಆಲ್ಪ್ ಡ್ಯುಯೆಜ್ ಎಂಬ ಗಿರಿಧಾಮಕ್ಕೆ ಏರುವ ರಸ್ತೆ ಶುರುವಾಗುತ್ತದೆ. ಅದರ ಉದ್ದ 13.8 ಕಿಲೋಮೀಟರ್, ಏರು ಸರಾಸರಿ ಶೇ 8, ಹೇರ್‌ಪಿನ್ ತಿರುವುಗಳು 21. ಟೂರ್ ಮೊದಲ ಸಲ ಇಲ್ಲಿಗೆ ಏರಿದ್ದು 1952ರಲ್ಲಿ. ಆ ದಿನ ಗೆದ್ದವರು ಇಟಲಿಯ ಫೌಸ್ಟೊ ಕೊಪ್ಪಿ. ಪಿರೆನೀಸ್ ಪರ್ವತದ ಲ್ಯೂಜ್-ಸೆಂ-ಸೊವೆರ್ ಆಗಲಿ, ಗಾಲಿಬಿಯೆ ಘಾಟಿಯ ಕೆಳಗಿನ ವಲ್ವಾರ್ ಆಗಲಿ, ನೀವು ಆಯ್ದುಕೊಂಡ ಊರು ಬೇರೆಯಾದರೂ ಇಲ್ಲಿ ಹೇಳಿದ ಕ್ರಮ ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸುತ್ತದೆ.

ಮೊದಲು ತಿಳಿದಿರಬೇಕಾದ ಕೆಲವು ಪದಗಳು

ಟೂರ್ ಡಿ ಫ್ರಾನ್ಸ್ ಮೂರು ವಾರ ನಡೆಯುವ ಸ್ಪರ್ಧೆ. ಪ್ರತಿ ದಿನದ ಓಟವನ್ನು ಹಂತ ಅಥವಾ ಸ್ಟೇಜ್ ಎನ್ನುತ್ತಾರೆ. ಒಟ್ಟು 21 ಹಂತಗಳು, ನಡುವೆ ಎರಡು ದಿನ ವಿಶ್ರಾಂತಿ. ಎಂಟೆಂಟು ಸವಾರರ 22 ಅಥವಾ 23 ತಂಡಗಳು ಇರುತ್ತವೆ. ಸವಾರರ ಮುಖ್ಯ ಗುಂಪಿಗೆ ಪೆಲೋಟನ್ ಎಂದು ಹೆಸರು. ಅದನ್ನು ಬಿಟ್ಟು ಮುಂದೆ ನುಗ್ಗಿದವರು ಬ್ರೇಕ್‌ಅವೇ. ಬೆಟ್ಟದಲ್ಲಿ ಹಿಂದೆ ಉಳಿದು, ಆ ದಿನದ ಗಡುವಿನೊಳಗೆ ಗುರಿ ಮುಟ್ಟಿದರೆ ಸಾಕೆಂದು ಒಟ್ಟಾಗಿ ಪೆಡಲ್ ತುಳಿಯುವವರ ಗುಂಪು ಗ್ರುಪೆಟ್ಟೊ. ಗಡುವು ಮೀರಿದವರು ಮರುದಿನ ಸ್ಪರ್ಧೆಯಲ್ಲಿ ಇರುವುದಿಲ್ಲ. ಹಳದಿ ಅಂಗಿ ಒಟ್ಟು ಸಮಯದಲ್ಲಿ ಮುಂದಿರುವವನದು, ಹಸಿರು ಅಂಕಗಳಲ್ಲಿ ಮುಂದಿರುವವನದು, ಬಿಳಿಯ ಮೇಲೆ ಕೆಂಪು ಚುಕ್ಕೆಯದು ಬೆಟ್ಟ ಹತ್ತುವುದರಲ್ಲಿ ಮುಂದಿರುವವನದು, ಬರೀ ಬಿಳಿಯದು ಕಿರಿಯರಲ್ಲಿ ಮೊದಲಿಗನದು. ನೋಡುಗರಿಗೆ ಇಷ್ಟು ಸಾಕು.

1. ಮಾರ್ಗ ಪ್ರಕಟವಾದ ಮೇಲೆ ಊರನ್ನು ಆಯ್ದುಕೊಳ್ಳಿ

ಮುಂದಿನ ವರ್ಷದ ಮಾರ್ಗವನ್ನು ಆಯೋಜಕರು ಪ್ರತಿ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸುತ್ತಾರೆ. ಒಂದೇ ಊರಿಗೆ ಪ್ರತಿ ವರ್ಷ ಟೂರ್ ಬರುವುದಿಲ್ಲ. ಆಲ್ಪ್ ಡ್ಯುಯೆಜ್‌ನಂಥ ಹೆಸರಾಂತ ಏರು ಕೂಡ 2018ರ ನಂತರ ಮತ್ತೆ ಬಂದದ್ದು 2022ರಲ್ಲಿ. ಆದ್ದರಿಂದ ಹಳೆಯ ವಿಡಿಯೊ ನೋಡಿ ಊರು ನಿಶ್ಚಯಿಸಿಕೊಂಡು ಆಮೇಲೆ ಟೂರ್ ಅಲ್ಲಿಗೆ ಬರುತ್ತದೆಯೇ ಎಂದು ವಿಚಾರಿಸುವುದು ತಲೆಕೆಳಗಾದ ಕ್ರಮ.

ಹಂತದ ಹೆಸರನ್ನಷ್ಟೇ ನೋಡಿ ತೀರ್ಮಾನಿಸುವುದು ಇನ್ನೊಂದು ಸಾಮಾನ್ಯ ತಪ್ಪು. 2026ರ ಆವೃತ್ತಿಗೆ ಪ್ರಕಟವಾದ ಮಾರ್ಗವನ್ನೇ ನೋಡಿ: ಜುಲೈ 24 ಮತ್ತು 25ರ ಎರಡೂ ಹಂತಗಳು ಆಲ್ಪ್ ಡ್ಯುಯೆಜ್‌ನಲ್ಲೇ ಮುಗಿಯುತ್ತವೆ. ಮೊದಲ ದಿನ ಗ್ಯಾಪ್ ಪಟ್ಟಣದಿಂದ ಹೊರಟವರು ಹೆಸರಾಂತ 21 ತಿರುವುಗಳ ರಸ್ತೆಯಲ್ಲಿ ಏರುವಂತಿದೆ. ಎರಡನೆಯ ದಿನ ಬೂರ್-ದ್ವಾಜಾನ್‌ನಿಂದಲೇ ಹೊರಟು, ಕ್ರ್ವಾ ದ ಫೇರ್, ತೆಲೆಗ್ರಾಫ್, ಗಾಲಿಬಿಯೆ ಘಾಟಿಗಳನ್ನು ಸುತ್ತಿ, ಸರೆನ್ ಘಾಟಿಯ ಮೂಲಕ ಬೆಟ್ಟದ ಹಿಂಬದಿಯಿಂದ ಬರುವಂತಿದೆ. ಎರಡನೆಯ ದಿನ ತಿರುವುಗಳ ರಸ್ತೆಯಲ್ಲಿ ಬೆಳಗಿನಿಂದ ಕೊಡೆ ಹಿಡಿದು ಕಾದು ಕುಳಿತವರ ಮುಂದೆ ಒಬ್ಬ ಸವಾರನೂ ಸುಳಿಯುವುದಿಲ್ಲ. ಗುರಿಯ ಹೆಸರಿಗಿಂತ ಅಲ್ಲಿಗೆ ತಲುಪುವ ರಸ್ತೆಯ ನಕ್ಷೆ ಮುಖ್ಯ.

ಮೊದಲ ಸಲ ನೋಡುವವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿರುವವರಿಗೆ, ಮಹಿಳೆಯರ ಟೂರ್ ಅನ್ನು ಪರಿಗಣಿಸಿ ಎಂದು ಒತ್ತಿ ಹೇಳುತ್ತೇನೆ. 2022ರಿಂದ ನಡೆಯುತ್ತಿರುವ ಈ ಸ್ಪರ್ಧೆಯಲ್ಲಿ ನೂಕುನುಗ್ಗಲು ಕಡಿಮೆ, ಪೈಪೋಟಿ ಮಾತ್ರ ಎಳ್ಳಷ್ಟೂ ಕಡಿಮೆಯಿಲ್ಲ. 2024ರ ಆಗಸ್ಟ್‌ನಲ್ಲಿ ಅದರ ಕೊನೆಯ ಹಂತ ಇದೇ ಆಲ್ಪ್ ಡ್ಯುಯೆಜ್‌ನಲ್ಲಿ ಮುಗಿದಾಗ ಹಂತವನ್ನು ಗೆದ್ದವರು ಡೆಮಿ ಫೊಲ್ಲರಿಂಗ್. ಆದರೆ ಎಂಟು ಹಂತಗಳ ಒಟ್ಟು ಲೆಕ್ಕದಲ್ಲಿ ಕಾಸಿಯಾ ನಿಯೆವಿಯಾದೋಮಾ ಬರೀ 4 ಸೆಕೆಂಡ್ ಅಂತರದಲ್ಲಿ ಟೂರ್ ಗೆದ್ದರು.

2. ವಸತಿಯನ್ನು ಮೊದಲು, ವೀಸಾವನ್ನು ಒಡನೆಯೇ ನೋಡಿಕೊಳ್ಳಿ

ಮಾರ್ಗ ಪ್ರಕಟವಾದ ಕೆಲವೇ ದಿನಗಳಲ್ಲಿ ಸಣ್ಣ ಊರಿನ ಹೋಟೆಲ್ ಕೋಣೆಗಳು ತುಂಬಿಹೋಗುತ್ತವೆ, ಏಕೆಂದರೆ ತಂಡಗಳು, ಪತ್ರಕರ್ತರು, ಆಯೋಜಕರು ಎಲ್ಲರಿಗೂ ಅದೇ ಕಣಿವೆಯಲ್ಲಿ ಹಾಸಿಗೆ ಬೇಕು. ಕೋಣೆ ಸಿಗದಿದ್ದರೆ ಮೂರು ದಾರಿಗಳಿವೆ. ಕಣಿವೆಯ ತಳದಲ್ಲಿ ಡೇರೆ ಹಾಕಿಕೊಳ್ಳಲು ಬಾಡಿಗೆಗೆ ಜಾಗ ಕೊಡುವ ಕ್ಯಾಂಪಿಂಗ್ ತಾಣಗಳಲ್ಲಿ ವಿಚಾರಿಸಬಹುದು; ಸುಮಾರು 50 ಕಿಲೋಮೀಟರ್ ದೂರದ ಗ್ರೆನೋಬಲ್ ನಗರದಲ್ಲಿ ಉಳಿಯಬಹುದು; ಇಲ್ಲವೇ ಮಲಗುವ ವ್ಯವಸ್ಥೆಯುಳ್ಳ ವ್ಯಾನ್ ಬಾಡಿಗೆಗೆ ಪಡೆದು ಏರುದಾರಿಯಲ್ಲೇ ತಂಗಬಹುದು. ಮೂರನೆಯದು ಕೇಳಲು ಸೊಗಸು, ಆದರೆ ಒಳ್ಳೆಯ ಜಾಗ ಬೇಕೆಂದರೆ ಕೆಲವು ದಿನ ಮೊದಲೇ ಹೋಗಿ ಬೀಡುಬಿಡಬೇಕು. ನೀರು, ಶೌಚಾಲಯಗಳಿಗೆ ಪರದಾಟ ತಪ್ಪದು. ಮೊದಲ ಅನುಭವಕ್ಕೆ ಅದು ಬೇಡ.

ಭಾರತದ ಪಾಸ್‌ಪೋರ್ಟ್ ಇದ್ದು ಯುರೋಪಿನ ವಾಸದ ಪರವಾನಗಿ ಇಲ್ಲದವರಿಗೆ ಅಲ್ಪಾವಧಿಯ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನ ಅರ್ಜಿ ಕೇಂದ್ರದಲ್ಲೇ ಬೆರಳಚ್ಚು ಕೊಡಬಹುದು. ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಯ ತಿಂಗಳುಗಳಲ್ಲಿ ಅರ್ಜಿ ಸಲ್ಲಿಸುವ ದಿನಾಂಕ ಸಿಗುವುದೇ ಕಷ್ಟವಾಗುವುದರಿಂದ ಮಾರ್ಚ್, ಏಪ್ರಿಲ್ ಹೊತ್ತಿಗೆ ಈ ಕೆಲಸ ಮುಗಿಸಿಕೊಳ್ಳಿ. ರದ್ದು ಮಾಡಬಹುದಾದ ವಸತಿಯನ್ನೇ ಕಾಯ್ದಿರಿಸಿ.

3. ಸ್ಪರ್ಧೆಯ ಹಿಂದಿನ ದಿನವೇ ಊರು ಸೇರಿ

ಪ್ಯಾರಿಸ್‌ನಿಂದ ಗ್ರೆನೋಬಲ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಮುಂದೆ ರೈಲಿಲ್ಲ. ರೊಮಾಂಶ್ ಕಣಿವೆಯ ರಸ್ತೆಯಲ್ಲಿ ಬಸ್ಸು ಅಥವಾ ಕಾರು. ಕಣಿವೆಗೆ ಒಳಹೋಗುವ ಹೆದ್ದಾರಿ ಇದೊಂದೇ ಆದ್ದರಿಂದ ಸ್ಪರ್ಧೆಯ ದಿನ ಬೆಳಿಗ್ಗೆ ಅದರಲ್ಲಿ ಸಿಕ್ಕಿಕೊಂಡರೆ ಹೊರಬರಲು ದಾರಿಯಿರುವುದಿಲ್ಲ. ಆ ದಿನ ಬಸ್ಸುಗಳ ವೇಳೆ ಬದಲಾಗುತ್ತದೆ, ಕೆಲವು ನಿಲ್ಲುತ್ತವೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಊರಿನಲ್ಲಿದ್ದರೆ ಈ ತಲೆನೋವೇ ಇಲ್ಲ.

ರಸ್ತೆ ಮುಚ್ಚುವ ಸಮಯವನ್ನು ನಿರ್ಧರಿಸುವುದು ಆಯೋಜಕರಲ್ಲ, ಪ್ರಿಫೆಕ್ಚರ್ ಎಂಬ ಸರ್ಕಾರಿ ಜಿಲ್ಲಾಡಳಿತ. ಬಯಲುಸೀಮೆಯ ಊರುಗಳಲ್ಲಿ ಸ್ಪರ್ಧೆಗೆ ಕೆಲವು ಗಂಟೆ ಮೊದಲು ರಸ್ತೆ ಮುಚ್ಚಿದರೆ, ಹೆಸರಾಂತ ಏರುಗಳಲ್ಲಿ ಹಿಂದಿನ ದಿನವೇ ವಾಹನಗಳನ್ನು ತಡೆಯುವುದುಂಟು. ಆದೇಶ ಜಿಲ್ಲಾಡಳಿತದ ಮತ್ತು ಪುರಸಭೆಯ ಜಾಲತಾಣಗಳಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಗುತ್ತದೆ. ಅನುವಾದ ಮಾಡಿಕೊಂಡು ಓದಿ. ಕಾರಿನವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಮುಚ್ಚುವ ಮೊದಲು ಒಳಗೆ ಸೇರಿದ ಕಾರು ಸ್ಪರ್ಧೆ ಮುಗಿಯುವವರೆಗೆ ಹೊರಗೆ ಬರುವಂತಿಲ್ಲ. ಆದ್ದರಿಂದ ಕಾರನ್ನು ಮಾರ್ಗದ ಮೇಲಾಗಲಿ, ಮಾರ್ಗದ ಆಚೆ ಬದಿಯಲ್ಲಾಗಲಿ ನಿಲ್ಲಿಸಬೇಡಿ. ನೀವು ಮರಳಬೇಕಾದ ದಿಕ್ಕಿನಲ್ಲಿ, ಮಾರ್ಗಕ್ಕೆ ಹೊರಗೆ ನಿಲ್ಲಿಸಿ. ಹಿಂದಿನ ಸಂಜೆ ಅಡ್ಡಾಡುವಾಗ ಕಂಬಗಳ ಮೇಲೆ ಹಳದಿ ಹಲಗೆಯಲ್ಲಿ ಕಪ್ಪು ಬಾಣದ ಗುರುತುಗಳು ಕಂಡರೆ ಅದೇ ಸ್ಪರ್ಧೆಯ ಮಾರ್ಗ ಎಂದು ತಿಳಿಯಿರಿ. ನೆನಪಿಗೆಂದು ಆ ಹಲಗೆಯನ್ನು ಕಿತ್ತುಕೊಳ್ಳುವವರಿದ್ದಾರೆ. ಸ್ಪರ್ಧೆ ದಾಟುವ ಮೊದಲು ಹಾಗೆ ಮಾಡಿದರೆ ದಾರಿ ತಪ್ಪುವುದು ಸವಾರರಿಗೂ ವಾಹನಗಳಿಗೂ.

4. ವೇಳಾಪಟ್ಟಿಯನ್ನು ಓದಲು ಕಲಿಯಿರಿ

ಅಧಿಕೃತ ಜಾಲತಾಣದಲ್ಲಿ ಪ್ರತಿ ಹಂತಕ್ಕೂ ಒಂದು ವೇಳಾಪಟ್ಟಿ ಇರುತ್ತದೆ. ಅದರಲ್ಲಿ ಮಾರ್ಗದ ಪ್ರತಿ ಊರು, ಅಡ್ಡರಸ್ತೆ, ಘಾಟಿಯ ಹೆಸರು, ಅಲ್ಲಿಂದ ಗುರಿಗೆ ಉಳಿದ ದೂರ, ಅದರ ಪಕ್ಕದಲ್ಲಿ ಸಮಯದ ಕಾಲಮ್‌ಗಳು. ಒಂದು ಕಾಲಮ್ ಕ್ಯಾರವಾನ್‌ನದು, ಅಂದರೆ ಸವಾರರಿಗಿಂತ ಮೊದಲು ಬರುವ ಪ್ರಚಾರ ವಾಹನಗಳ ಮೆರವಣಿಗೆಯದು. ಉಳಿದ ಮೂರು ಕಾಲಮ್‌ಗಳು ಸವಾರರದು. ನಿಧಾನ, ಮಧ್ಯಮ, ವೇಗ ಎಂದು ಮೂರು ಸರಾಸರಿ ವೇಗಗಳನ್ನು ಊಹಿಸಿ ಲೆಕ್ಕ ಹಾಕಿದ ಸಮಯಗಳವು. ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ: ನಡುವಿನ ಕಾಲಮ್ ನೋಡಿಕೊಂಡು ಹತ್ತು ನಿಮಿಷ ಮೊದಲು ಹೋಗಿ ನಿಲ್ಲುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅತಿ ವೇಗದ ಕಾಲಮ್ಮನ್ನೇ ನಂಬಿ, ಅದಕ್ಕೂ ಮುಂಚೆ ಜಾಗದಲ್ಲಿರಿ. ಕ್ಯಾರವಾನ್ ನೋಡಬೇಕೆಂದಿದ್ದರೆ ಅದರ ಕಾಲಮ್‌ಗಿಂತ ಒಂದು ಗಂಟೆ ಮೊದಲು ಇರಬೇಕು.

ಬೆಟ್ಟದ ಹಂತಗಳು ಸಾಮಾನ್ಯವಾಗಿ ಸಂಜೆ ಐದು, ಐದೂವರೆಯ ಆಸುಪಾಸಿನಲ್ಲಿ ಮುಗಿಯುತ್ತವೆ. ವೇಳಾಪಟ್ಟಿಯ ಪುಟವನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಸಾವಿರಾರು ಜನ ಒಂದೇ ಕಣಿವೆಯಲ್ಲಿ ಸೇರಿದಾಗ ನೆಟ್‌ವರ್ಕ್ ಕೈಕೊಡುವುದು ಖಚಿತ.

ವೇಳಾಪಟ್ಟಿ ಎಷ್ಟು ನಿಖರವಾಗಿದ್ದರೂ ಬೆಟ್ಟದಲ್ಲಿ ಮಾರ್ಗ ಕೊನೆಯ ಗಳಿಗೆಯಲ್ಲಿ ಬದಲಾಗಬಹುದು. 2019ರ ಜುಲೈ 26ರಂದು ಆಲಿಕಲ್ಲು ಮಳೆಯಿಂದ ಮಣ್ಣು ಕುಸಿದು ರಸ್ತೆ ಮುಚ್ಚಿದ್ದರಿಂದ ಹಂತವನ್ನು ಅರ್ಧದಲ್ಲೇ ನಿಲ್ಲಿಸಿ, ಇಸೆರಾನ್ ಘಾಟಿಯ ತುದಿಯಲ್ಲಿ ದಾಖಲಾದ ಸಮಯವನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಮುಂದಿನ ಊರುಗಳಲ್ಲಿ ಕಾದಿದ್ದವರಿಗೆ ಏನೂ ಕಾಣಲಿಲ್ಲ. 2025ರಲ್ಲಿ ಕಾರಣ ಇನ್ನೂ ವಿಚಿತ್ರವಾಗಿತ್ತು. ಸೆಜಿ ಘಾಟಿಯ ಬಳಿ ದನಗಳಿಗೆ ಚರ್ಮಗಂಟು ರೋಗ ಕಾಣಿಸಿಕೊಂಡಿತ್ತು. ಕೆಲವೇ ವರ್ಷಗಳ ಹಿಂದೆ ನಮ್ಮ ರಾಜ್ಯದ ಕೊಟ್ಟಿಗೆಗಳನ್ನು ಕಾಡಿದ ಅದೇ ರೋಗ. ಜುಲೈ 25ರ ಹಂತವನ್ನು ಸುಮಾರು 130 ಕಿಲೋಮೀಟರಿನಿಂದ 95ಕ್ಕೆ ಇಳಿಸಿದರು. ಆದ್ದರಿಂದ ಹಿಂದಿನ ಸಂಜೆ ಮತ್ತು ಆ ದಿನ ಬೆಳಿಗ್ಗೆ ಎರಡು ಸಲ ಅಧಿಕೃತ ಪ್ರಕಟಣೆ ನೋಡುವುದನ್ನು ಮರೆಯಬೇಡಿ.

5. ನಿಲ್ಲುವ ಜಾಗ: ಏರು ಇರುವಲ್ಲಿಗೆ ಹೋಗಿ

ಈ ಮಾರ್ಗದರ್ಶಿಯಲ್ಲಿ ಒಂದೇ ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಬೂರ್-ದ್ವಾಜಾನ್ ಪೇಟೆಯ ಬೀದಿ ಸಮತಟ್ಟು; ಅಲ್ಲಿ ಪೆಲೋಟನ್ ಗಂಟೆಗೆ 45–50 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಒಂದು ಗಾಳಿಯ ಬೀಸು, ಸರಪಳಿಗಳ ಸದ್ದು, ಬಣ್ಣಗಳ ಒಂದು ಪಟ್ಟಿ, ಅಷ್ಟೆ. ಇಪ್ಪತ್ತು ಸೆಕೆಂಡಿನಲ್ಲಿ ಬೀದಿ ಖಾಲಿ. ಅದೇ ಊರಿನಿಂದ ಒಂದು ಗಂಟೆ ನಡೆದು ಏರಿನ ಮೇಲೆ ನಿಂತರೆ ಚಿತ್ರವೇ ಬೇರೆ. ಈ ಏರನ್ನು ಮುಂಚೂಣಿಯವರು ಸುಮಾರು 40 ನಿಮಿಷಗಳಲ್ಲಿ ಮುಗಿಸುತ್ತಾರೆ ಎಂದಿಟ್ಟುಕೊಂಡರೆ ವೇಗ ಗಂಟೆಗೆ 20 ಕಿಲೋಮೀಟರಿನಷ್ಟು. ಹಿಂದಿನವರದು ಇನ್ನೂ ಕಡಿಮೆ. ಪೆಲೋಟನ್ ಒಡೆದು ಒಬ್ಬೊಬ್ಬರೇ, ಇಬ್ಬಿಬ್ಬರೇ ಬರುತ್ತಾರೆ. ಅರ್ಧ ಗಂಟೆಗೂ ಮೀರಿ ನೋಡಲು ಇರುತ್ತದೆ, ಮುಖ ಗುರುತಿಸಲು ಆಗುತ್ತದೆ, ತುಟಿಯಂಚಿನ ಒಣಗಿದ ಉಪ್ಪು ಕೂಡ ಕಾಣುತ್ತದೆ.

ಆಲ್ಪ್ ಡ್ಯುಯೆಜ್‌ನ ತಿರುವುಗಳಿಗೆ ಸಂಖ್ಯೆಗಳಿವೆ, ಮತ್ತು ಅವು ಇಳಿಕೆಯ ಕ್ರಮದಲ್ಲಿವೆ: ಬುಡದ್ದು 21, ತುದಿಯದ್ದು 1. ಪ್ರತಿ ತಿರುವಿನ ಫಲಕದ ಮೇಲೆ ಇಲ್ಲಿ ಗೆದ್ದವರ ಹೆಸರು ಬರೆದಿದೆ. 21ರಲ್ಲಿ ಕೊಪ್ಪಿಯ ಹೆಸರನ್ನು ಕಾಣಬಹುದು. ಬುಡದಿಂದ ಲಾ ಗಾರ್ದ್ ಎಂಬ ಹಳ್ಳಿಯ 16ನೆಯ ತಿರುವಿನವರೆಗಿನ ಭಾಗವೇ ಅತಿ ಕಡಿದು, ಶೇ 10ರ ಆಸುಪಾಸು. ಸವಾರರಲ್ಲಿ ಮೊದಲ ಬಿರುಕು ಬೀಳುವುದು ಇಲ್ಲಿಯೇ. ಊರಿನಲ್ಲಿ ಉಳಿದಿರುವವರಿಗೆ, ಸಂಜೆ ನಡೆದೇ ಮರಳಬೇಕಾದವರಿಗೆ ನನ್ನ ಆಯ್ಕೆ 21ರಿಂದ 16ರ ನಡುವಿನ ಯಾವುದಾದರೂ ಸ್ಥಳ. ಮೇಲಕ್ಕೆ ಹೋದಷ್ಟೂ ಪೈಪೋಟಿಯ ನಿರ್ಣಾಯಕ ಗಳಿಗೆ ಹತ್ತಿರವಾಗುತ್ತದೆ ನಿಜ, ಆದರೆ ತುದಿಯವರೆಗೆ ನಡೆಯಲು ಮೂರೂವರೆ, ನಾಲ್ಕು ಗಂಟೆ ಬೇಕು. ಏರುವ ಎತ್ತರ ಸಾವಿರ ಮೀಟರಿಗೂ ಹೆಚ್ಚು. ಕೊನೆಯ ಕೆಲವು ಕಿಲೋಮೀಟರ್ ಕಬ್ಬಿಣದ ತಡೆಬೇಲಿಯ ಹಿಂದೆ ನಿಂತೇ ನೋಡಬೇಕು.

ಏಳನೆಯ ತಿರುವಿನ ಬಗ್ಗೆ ಕೇಳದವರಿಲ್ಲ. ಅದು ಡಚ್ಚರ ತಿರುವು ಎಂದೇ ಪ್ರಸಿದ್ಧ. 1976ರಿಂದ 1989ರವರೆಗೆ ನೆದರ್ಲೆಂಡ್ಸ್‌ನ ಸವಾರರು ಈ ಬೆಟ್ಟದ ಮೇಲೆ ಎಂಟು ಸಲ ಗೆದ್ದದ್ದೇ ಅದಕ್ಕೆ ಮೂಲ. ಇಂದಿಗೂ ಸಾವಿರಾರು ಮಂದಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಧ್ವನಿವರ್ಧಕ ಹಚ್ಚಿ, ಬಿಯರ್ ಹರಿಸಿ ಅಲ್ಲಿ ಜಾತ್ರೆ ಮಾಡುತ್ತಾರೆ. ಬೆಳಿಗ್ಗೆ ಒಮ್ಮೆ ಹೋಗಿ ನೋಡಿಬನ್ನಿ. ಸ್ಪರ್ಧೆಯನ್ನು ಅಲ್ಲಿಂದ ನೋಡುವುದನ್ನು, ಮಕ್ಕಳಿದ್ದರಂತೂ, ನಾನು ಶಿಫಾರಸು ಮಾಡುವುದಿಲ್ಲ. ಸವಾರರ ತಲೆಗಿಂತ ಹೆಚ್ಚಾಗಿ ಮುಂದೆ ನಿಂತವರ ಬೆನ್ನು ಕಾಣುತ್ತದೆ.

ಜಾಗ ಹಿಡಿಯುವಾಗ ಕೆಳಗೆ ದೂರದವರೆಗೆ ರಸ್ತೆ ಕಾಣುವ ಕಡೆ ನೋಡಿ. ಎರಡು ತಿರುವು ಕೆಳಗಿನಿಂದಲೇ ಸವಾರರು ಬರುವುದು ಕಂಡರೆ ಯಾರು ಮುಂದಿದ್ದಾರೆ ಎಂದು ಮೊದಲೇ ತಿಳಿಯುತ್ತದೆ. ನೆರಳು ಬೀಳುವ ದಿಕ್ಕನ್ನು ಮಧ್ಯಾಹ್ನ ಮೂರು ಗಂಟೆಯ ಲೆಕ್ಕದಲ್ಲಿ ಯೋಚಿಸಿ, ಬೆಳಗಿನ ಲೆಕ್ಕದಲ್ಲಲ್ಲ. ಹಿಂದೆ ಸರಿಯಲು ಕನಿಷ್ಠ ಎರಡು ಹೆಜ್ಜೆ ಜಾಗವಿರಲಿ. ಬೆನ್ನಿಗೆ ಪ್ರಪಾತವಾಗಲಿ, ಬಂಡೆಗೋಡೆಯಾಗಲಿ ಇರುವಲ್ಲಿ ನಿಲ್ಲಬೇಡಿ. ನಿಮ್ಮ ಊರಿಗೆ ಸ್ಪರ್ಧೆ ಏರಿ ಬರದೆ ಘಾಟಿಯಿಂದ ಇಳಿದು ಬರುವುದಾದರೆ ತಿರುವಿನ ಹೊರಬದಿಯಲ್ಲಿ ಯಾವ ಕಾರಣಕ್ಕೂ ನಿಲ್ಲಬಾರದು, ಏಕೆಂದರೆ ಗಂಟೆಗೆ 70–80 ಕಿಲೋಮೀಟರ್ ವೇಗದಲ್ಲಿ ಹಿಡಿತ ತಪ್ಪಿದ ಸವಾರ ಬಂದು ಬೀಳುವುದು ಅಲ್ಲಿಗೇ.

ಒಂದೇ ದಿನ ಎರಡು ಜಾಗಗಳಲ್ಲಿ ನೋಡುವ ಆಸೆ ಬಿಡಿ. ನಕ್ಷೆಯಲ್ಲಿ ಹತ್ತಿರ ಕಾಣುವ ಎರಡು ಬಿಂದುಗಳ ನಡುವೆ ಆ ದಿನ ಮುಚ್ಚಿದ ರಸ್ತೆಯೇ ಇರುತ್ತದೆ.

6. ಚೀಲದಲ್ಲಿ ಏನಿರಬೇಕು

ಆರೇಳು ಗಂಟೆ ರಸ್ತೆಬದಿಯಲ್ಲಿ ಕಳೆಯುವುದಕ್ಕೆ ತಕ್ಕಂತೆ ಸಿದ್ಧರಾಗಿ. ತಲಾ ಎರಡು ಲೀಟರ್ ನೀರು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಮಡಚುವ ಕುರ್ಚಿ ಅಥವಾ ಚಾಪೆ, ತೆಳುವಾದ ಮಳೆಯಂಗಿ, ಒಂದು ಸ್ವೆಟರ್ ಬೇಕೇ ಬೇಕು. ಆಲ್ಪ್ಸ್‌ನಲ್ಲಿ ಮಧ್ಯಾಹ್ನದ ಬಿಸಿಲು ಚರ್ಮ ಸುಡುತ್ತದೆ, ನಾಲ್ಕು ಗಂಟೆಗೆ ಮೋಡ ಕವಿದು ಗುಡುಗು ಸಹಿತ ಮಳೆ ಸುರಿದರೆ ಅರ್ಧ ಗಂಟೆಯಲ್ಲಿ ನಡುಕ ಹತ್ತುತ್ತದೆ. ಹಳ್ಳಿಗಳ ಕಲ್ಲುತೊಟ್ಟಿಗೆ ಸದಾ ಸುರಿಯುವ ನಲ್ಲಿಗಳಿರುತ್ತವೆ. ಫಲಕದಲ್ಲಿ 'ಓ ಪೊತಾಬ್ಲ್' ಎಂದಿದ್ದರೆ ಆ ನೀರನ್ನು ಕುಡಿಯಬಹುದು. 'ನೊ' ಎಂಬ ಪದ ನಡುವೆ ಸೇರಿ 'ಓ ನೊ ಪೊತಾಬ್ಲ್' ಎಂದಿದ್ದರೆ ಕುಡಿಯಬಾರದು.

ಸಸ್ಯಾಹಾರಿಗಳು ಊಟವನ್ನು ರಸ್ತೆಬದಿಯ ಅಂಗಡಿಗೆ ಬಿಟ್ಟುಕೊಡಬೇಡಿ. ಅಲ್ಲಿ ಸಿಗುವುದು ಬಹುಪಾಲು ಸಾಸೇಜ್ ಮತ್ತು ಹಂದಿಮಾಂಸದ ಸ್ಯಾಂಡ್‌ವಿಚ್. ಹಿಂದಿನ ದಿನವೇ ಪೇಟೆಯ ಬೇಕರಿಯಲ್ಲಿ ಬ್ರೆಡ್ಡು, ಅಂಗಡಿಯಲ್ಲಿ ಚೀಸ್, ಹಣ್ಣು ಕೊಂಡಿಟ್ಟುಕೊಳ್ಳಿ. ಮನೆಯಿಂದ ತಂದ ಚಟ್ನಿಪುಡಿ, ಕೋಡುಬಳೆ ಇದ್ದರೆ ಇನ್ನೂ ಒಳ್ಳೆಯದು. ಚಿಲ್ಲರೆ ಯೂರೊ, ಕಸಕ್ಕೆ ಒಂದು ಚೀಲ, ಫೋನಿಗೆ ಪವರ್ ಬ್ಯಾಂಕ್ ಇರಲಿ. ತುರ್ತು ಸಹಾಯದ ಸಂಖ್ಯೆ 112.

7. ಕ್ಯಾರವಾನ್ ಬಂದಾಗ

1930ರಿಂದ ನಡೆದುಬಂದ ಈ ಮೆರವಣಿಗೆ ಸವಾರರಿಗಿಂತ ಒಂದೂವರೆ, ಎರಡು ಗಂಟೆ ಮೊದಲು ಬರುತ್ತದೆ ಮತ್ತು ದಾಟಿಹೋಗಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ರಾಯೋಜಕ ಕಂಪನಿಗಳ ಅಲಂಕೃತ ವಾಹನಗಳ ಮೇಲಿನಿಂದ ಟೋಪಿ, ಕೀಲಿಗೊಂಚಲು, ಮಿಠಾಯಿ, ಸಾಸೇಜಿನ ಪುಟ್ಟ ಪೊಟ್ಟಣಗಳನ್ನು ಜನರತ್ತ ಎಸೆಯುತ್ತಾರೆ. ಕೆಂಪು ಚುಕ್ಕೆಯ ಟೋಪಿಗೆ ಎಲ್ಲಿಲ್ಲದ ಬೇಡಿಕೆ. ಮಿಠಾಯಿಗಳಲ್ಲಿ ಜೆಲಾಟಿನ್ ಇರುವುದು ಸಾಮಾನ್ಯವಾದ್ದರಿಂದ ಸಸ್ಯಾಹಾರಿ ಮನೆಯ ಮಕ್ಕಳಿಗೆ ಮೊದಲೇ ಹೇಳಿಡಿ.

ಇದು ವಿನೋದದ ಗಳಿಗೆಯಾದರೂ ಮಕ್ಕಳಿಗೆ ದಿನದಲ್ಲೇ ಅತಿ ಅಪಾಯದ ಗಳಿಗೆಯೂ ಹೌದು. ಎಸೆದ ವಸ್ತು ರಸ್ತೆಗೆ ಬೀಳುತ್ತದೆ, ಮಗು ಅದರ ಹಿಂದೆ ಓಡುತ್ತದೆ, ಹಿಂದಿನ ವಾಹನ ಆಗಲೇ ಬಂದಿರುತ್ತದೆ. 2000 ಮತ್ತು 2002ರಲ್ಲಿ ಹೀಗೆ ಕ್ಯಾರವಾನ್ ವಾಹನಗಳಿಗೆ ಸಿಲುಕಿ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಚಿಕ್ಕ ಮಕ್ಕಳ ಕೈ ಹಿಡಿದುಕೊಂಡೇ ಇರಿ, ಮತ್ತು ಮೆರವಣಿಗೆಯ ಕೊನೆಯ ವಾಹನ ದಾಟುವವರೆಗೆ ರಸ್ತೆಯಲ್ಲಿ ಬಿದ್ದದ್ದನ್ನು ಹೆಕ್ಕಬೇಡಿ. ಅಪರಿಚಿತ ಮಗುವಿನ ಕೈಗೆ ಬರಬೇಕಾದ ಟೋಪಿಯನ್ನು ನಡುವೆ ಹಾರಿ ಹಿಡಿಯುವ ದೊಡ್ಡವರೂ ಇರುತ್ತಾರೆ. ಅವರ ಸಾಲಿಗೆ ಸೇರದಿದ್ದರೆ ಸಾಕು.

8. ಸವಾರರು ಬರುವ ಕ್ರಮ ಮತ್ತು ನಡತೆ

ಮೊದಲ ಸೂಚನೆ ಆಕಾಶದಿಂದ ಬರುತ್ತದೆ. ಟಿವಿಯವರ ಹೆಲಿಕಾಪ್ಟರ್ ಕಣಿವೆಯ ತಳದಲ್ಲಿ ಕಾಣಿಸಿಕೊಂಡರೆ ಮುಂಚೂಣಿಯವರು ಅದರ ಕೆಳಗಿದ್ದಾರೆ ಎಂದರ್ಥ. ಆಮೇಲೆ ಜಾಂದಾರ್ಮ್‌ಗಳ, ಅಂದರೆ ರಸ್ತೆ ಕಾಯುವ ಸೇನಾ ಪೊಲೀಸರ ಮೋಟಾರ್‌ಸೈಕಲ್‌ಗಳು, ಪತ್ರಕರ್ತರ ಕಾರುಗಳು, ಸ್ಪರ್ಧೆಯ ನಿರ್ದೇಶಕರ ಕೆಂಪು ಕಾರು. ಅದರ ಹಿಂದೆಯೇ ಬ್ರೇಕ್‌ಅವೇಯ ಸವಾರರು. ಅಲ್ಲಿಂದ ಮುಂದೆ ಬೆಟ್ಟದ ಹಂತದಲ್ಲಿ ಯಾವ ಕ್ರಮವನ್ನೂ ಖಚಿತವಾಗಿ ಹೇಳಲಾಗದು: ಹಳದಿ ಅಂಗಿಯವನ ಗುಂಪು, ಅದರಿಂದ ಕಳಚಿಕೊಂಡವರು, ನಡುನಡುವೆ ಛಾವಣಿಯ ಮೇಲೆ ಸೈಕಲ್ ಹೊತ್ತ ತಂಡದ ಕಾರುಗಳು. ಸವಾರರಷ್ಟೇ ಎಚ್ಚರ ಕಾರುಗಳ ಬಗ್ಗೆಯೂ ಇರಲಿ. ಸವಾರ ದಾಟಿದನೆಂದು ರಸ್ತೆಗಿಳಿದವರು ಕಾರಿಗೆ ಸಿಗುತ್ತಾರೆ.

ಅನೇಕರು ಹಳದಿ ಅಂಗಿ ದಾಟಿದೊಡನೆ ಗಂಟುಮೂಟೆ ಕಟ್ಟುತ್ತಾರೆ. ಅವಸರಪಡಬೇಡಿ. ಗ್ರುಪೆಟ್ಟೊ ಬರುವುದು ಅರ್ಧ ಗಂಟೆಯ ನಂತರ, ಮತ್ತು ನನ್ನ ಮಟ್ಟಿಗೆ ದಿನದ ಅತ್ಯುತ್ತಮ ನೋಟ ಅದೇ. ಬಯಲಿನಲ್ಲಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಗುರಿಗೆ ನುಗ್ಗುವ ದಪ್ಪ ತೊಡೆಯ ಸ್ಪ್ರಿಂಟರ್‌ಗಳು ಇಲ್ಲಿ ತೀರಾ ನಿಧಾನವಾಗಿ, ಕಣ್ಣನ್ನು ಮುಂದಿನ ಚಕ್ರದ ಮೇಲೆ ನೆಟ್ಟು ಏರುತ್ತಿರುತ್ತಾರೆ. ಜನ ಚದುರಿರುವುದರಿಂದ ನೀವು ಕೂಗಿದ ಹೆಸರು ಅವರಿಗೆ ಕೇಳಿಸುತ್ತದೆ. ಫ್ರೆಂಚರಂತೆ 'ಅಲ್ಲೇ, ಅಲ್ಲೇ' ಎನ್ನಿ. ಹೋಗು, ನುಗ್ಗು ಎಂದು ಅದರ ಅರ್ಥ. ಕನ್ನಡದಲ್ಲಿ ಕೂಗಿದರೂ ತಪ್ಪಿಲ್ಲ.

ನಡತೆಯ ವಿಷಯದಲ್ಲಿ ಬೂರ್-ದ್ವಾಜಾನ್‌ನ ಮೇಲಿನ ಈ ರಸ್ತೆಯೇ ಎರಡು ಪಾಠ ಕಲಿಸಿದೆ. 1999ರಲ್ಲಿ ಗುರಿಗೆ ಸ್ವಲ್ಪವೇ ದೂರದಲ್ಲಿ ಒಬ್ಬನೇ ಮುಂದಿದ್ದ ಜುಸೆಪ್ಪೆ ಗುವೆರಿನಿಯವರ ಫೋಟೊ ತೆಗೆಯಲು ಪ್ರೇಕ್ಷಕನೊಬ್ಬ ರಸ್ತೆಯ ನಡುವೆ ನಿಂತ. ಇಬ್ಬರೂ ಡಿಕ್ಕಿಯಾಗಿ ಗುವೆರಿನಿ ನೆಲಕ್ಕೆ ಬಿದ್ದರು. ಅವರು ಎದ್ದು ಮುಂದೆ ಸಾಗಿ ಗೆದ್ದದ್ದು ಅದೃಷ್ಟ. 2018ರಲ್ಲಿ ವಿಂಚೆಂಜೊ ನಿಬಾಲಿಯವರಿಗೆ ಆ ಅದೃಷ್ಟ ಇರಲಿಲ್ಲ. ಜನದಟ್ಟಣೆಯ ನಡುವೆ, ಪ್ರೇಕ್ಷಕನ ಕ್ಯಾಮೆರಾದ ಪಟ್ಟಿಗೆ ಸಿಕ್ಕಿ ಬಿದ್ದ ಅವರಿಗೆ ಬೆನ್ನುಮೂಳೆಯ ಕಶೇರು ಮುರಿಯಿತು, ಟೂರ್ ಅಲ್ಲಿಗೇ ಮುಗಿಯಿತು. ಆದ್ದರಿಂದ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿ ಎದೆಗೆ ಒತ್ತಿಕೊಳ್ಳಿ, ಫೋನನ್ನು ರಸ್ತೆಯತ್ತ ಚಾಚಬೇಡಿ. ಕ್ಯಾಮೆರಾದ ಪರದೆಯಲ್ಲಿ ಸವಾರ ನಿಜಕ್ಕಿಂತ ದೂರದಲ್ಲಿರುವಂತೆ ಕಾಣುತ್ತಾನೆ ಎಂಬುದು ನೆನಪಿರಲಿ. ಸ್ಪರ್ಧೆಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಬಾವುಟವನ್ನು ಕೋಲಿಗೆ ಕಟ್ಟಿ ಬೀಸಬೇಡಿ, ಮೈಗೆ ಹೊದ್ದುಕೊಳ್ಳಿ. ಸವಾರರ ಜೊತೆ ಓಡಬೇಡಿ, ಬೆನ್ನು ತಟ್ಟಬೇಡಿ, ಕೇಳದೆ ನೀರು ಸುರಿಯಬೇಡಿ. ಹೊಗೆ ಉಗುಳುವ ಬಣ್ಣದ ಕಡ್ಡಿಗಳು ಏದುಸಿರು ಬಿಡುತ್ತಿರುವವನ ಶ್ವಾಸಕೋಶಕ್ಕೆ ನೇರ ಹೋಗುತ್ತವೆ. ಸವಾರರು ಎಸೆದ ನೀರಿನ ಬಾಟಲಿ ಸಿಕ್ಕರೆ ಇಟ್ಟುಕೊಳ್ಳಬಹುದು, ಆದರೆ ಅದಕ್ಕಾಗಿ ರಸ್ತೆಗೆ ಕಾಲಿಡುವುದು ಬೇಡ.

9. ಮರಳುವ ಮುನ್ನ

ಸವಾರರೆಲ್ಲ ದಾಟಿದ ಮೇಲೆ ಬರುವುದು ಬ್ರೂಮ್ ವ್ಯಾಗನ್, ಸ್ಪರ್ಧೆ ಬಿಟ್ಟವರನ್ನು ಪೊರಕೆಯಂತೆ ಗುಡಿಸಿಕೊಂಡು ಬರುವ ವಾಹನ. ಅದರ ಹಿಂದೆ 'ಫ್ಯಾಂ ದ ಕೂರ್ಸ್', ಅಂದರೆ ಸ್ಪರ್ಧೆ ಮುಗಿಯಿತು ಎಂಬ ಫಲಕ ಹೊತ್ತ ಜಾಂದಾರ್ಮ್‌ಗಳ ವಾಹನ ಬರುತ್ತದೆ. ಅದು ದಾಟುವವರೆಗೆ ರಸ್ತೆ ಸ್ಪರ್ಧೆಯದೇ. ದಾಟಿದ ಕೂಡಲೇ ಎಲ್ಲರೂ ಒಟ್ಟಿಗೆ ಇಳಿಯಲು ತೊಡಗುವುದರಿಂದ ನಡೆಯುವವರು ಒಂದು ಬದಿಯನ್ನು ಬಿಡದೆ ಸಾಲಾಗಿ ನಡೆಯಿರಿ. ಗುರಿ ಬೆಟ್ಟದ ತುದಿಯಲ್ಲಿದ್ದು ತಂಡದ ಬಸ್ಸುಗಳು ಕೆಳಗೆ ನಿಂತಿರುವ ಹಂತಗಳಲ್ಲಿ, ಸ್ಪರ್ಧೆ ಮುಗಿಸಿದ ಸವಾರರೇ ಜಾಕೆಟ್ ತೊಟ್ಟು, ಬಾಯಲ್ಲಿ ಸೀಟಿ ಊದುತ್ತಾ ಅದೇ ರಸ್ತೆಯಲ್ಲಿ ಇಳಿದು ಬರುತ್ತಾರೆ; ಸೀಟಿ ಕೇಳಿದರೆ ತಕ್ಷಣ ಪಕ್ಕಕ್ಕೆ ಸರಿಯಬೇಕು.

ಕಾರಿನವರು ಎರಡು ಮೂರು ಗಂಟೆ ಹೊರಡದೆ ಇರುವುದೇ ಜಾಣತನ. ಕಣಿವೆಯ ಒಂದೇ ರಸ್ತೆಯಲ್ಲಿ ತಂಡಗಳ ವಾಹನ, ಕ್ಯಾರವಾನ್, ವ್ಯಾನುಗಳು ಎಲ್ಲ ಒಟ್ಟಿಗೆ ಗ್ರೆನೋಬಲ್‌ನತ್ತ ಹೊರಟಿರುತ್ತವೆ. ಪೇಟೆಯ ಹೋಟೆಲುಗಳು ಆ ಸಂಜೆ ಕಿಕ್ಕಿರಿದಿರುತ್ತವೆ, ಆದರೆ ಎಂಟು ಗಂಟೆಯ ನಂತರ ಮೇಜು ಸಿಗುತ್ತದೆ. ಬಸ್ಸು ನೆಚ್ಚಿದವರು ಅದೇ ರಾತ್ರಿಯ ವಿಮಾನಕ್ಕಾಗಲಿ ರೈಲಿಗಾಗಲಿ ಟಿಕೆಟ್ ಮಾಡಿಸಿರಬಾರದು. ಆ ರಾತ್ರಿ ಊರಿನಲ್ಲೇ ತಂಗಿ, ಮರುದಿನದ ಮೊದಲ ಬಸ್ಸಿನ ವೇಳೆಯನ್ನು ನಿಲ್ದಾಣದ ಫಲಕದಲ್ಲಿ ಖುದ್ದಾಗಿ ನೋಡಿಕೊಂಡು ಮಲಗಿ.